ಮೊದಲ ವರ್ಷದ ಲೆಕ್ಕ

ಸ್ಟೆಮ್ ಸೆಲ್ ಕಸಿ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕಣಗಳನ್ನು ಬಳಸುವ ಒಂದು ಚಿಕಿತ್ಸೆ ಇದೆ. ನನ್ನ ಅಕ್ಕನಿಗೆ ಬಂದ ಸ್ಕ್ಲೆರೋಡರ್ಮಾ ಎಂಬ ಕಾಯಿಲೆಗೂ ಅದನ್ನು ಕೊಡುತ್ತಾರೆ. ಅದನ್ನು ಪಡೆದವರಲ್ಲಿ ಮೊದಲ ವರ್ಷ ಸಾಯುವವರ ಸಂಖ್ಯೆ, ಹಳೆಯ ಔಷಧಿಯಲ್ಲೇ ಮುಂದುವರಿದವರಿಗಿಂತ ಹೆಚ್ಚು. ಕೆಲವು ವರ್ಷ ಕಳೆದು ಮತ್ತೆ ಎಣಿಸಿದರೆ ಲೆಕ್ಕ ಮಗುಚಿರುತ್ತದೆ. ಹೆಚ್ಚು ಜನ ಉಳಿದಿರುವುದು ಆ ಚಿಕಿತ್ಸೆ ಪಡೆದವರ ಕಡೆಯೇ. ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಹಲಗೆಯ ಮೇಲೆ ಎರಡು ಗೆರೆ ಎಳೆದು ಅವು ಎಲ್ಲಿ ಒಂದನ್ನೊಂದು ದಾಟುತ್ತವೆ ಎಂದು ತೋರಿಸುವುದು ನನಗೆ ನಿತ್ಯದ ಕೆಲಸ. ಆದರೂ ನಮ್ಮ ಮನೆಯಲ್ಲಿ ಈ ಲೆಕ್ಕ ಎದುರಾದಾಗ ಅದನ್ನು ಅವ್ವನಿಗೆ ಹೇಗೆ ಬಿಡಿಸಿ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಎನ್ನಲಾರೆ. ತರಗತಿಯಲ್ಲಿ ಗ್ರಾಫ್ ಬಿಡಿಸುವಾಗೆಲ್ಲ ಅದೇ ಪ್ರಶ್ನೆ ಎದ್ದು ಬರುತ್ತದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಇನ್ನೊಂದು ಕಾರಣವೂ ಇದೆ. ಅಕ್ಕನ ಕಾಯಿಲೆಯ ವಿಷಯ ಗೊತ್ತಿರುವವರು ಮದುವೆ ಮನೆಯಲ್ಲೋ ಸೂಪರ್ ಮಾರ್ಕೆಟ್ಟಿನ ಜನಸಂದಣಿಯಲ್ಲೋ ನಿಲ್ಲಿಸಿ ಕೇಳುತ್ತಾರೆ: "ಸರ್, ಸ್ಟೆಮ್ ಸೆಲ್ ಹಾಕಿಸಿದರೆ ಎಲ್ಲಾ ವಾಸಿಯಾಗುತ್ತದಂತಲ್ಲ, ಯಾಕೆ ಮಾಡಿಸಲಿಲ್ಲ?" ಮೊಬೈಲ್ ತೆಗೆದು ವಿಡಿಯೊ ತೋರಿಸುತ್ತಾರೆ. ಅವರ ಕಾಳಜಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರ ಮನಸ್ಸಿನಲ್ಲಿರುವ ಚಿಕಿತ್ಸೆಗೂ ನಿಜವಾದ ಚಿಕಿತ್ಸೆಗೂ ಸಂಬಂಧವೇ ಇಲ್ಲ. ನಿಂತ ಜಾಗದಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವೂ ಇದಲ್ಲ.

ಎಳ್ಳಮಾವಾಸ್ಯೆಯ ಹೊಲದಲ್ಲಿ

ಅಕ್ಕನನ್ನು ಕೊಟ್ಟಿರುವುದು ಆಳಂದ ತಾಲ್ಲೂಕಿನ ಒಂದು ಊರಿಗೆ. ಎಳ್ಳಮಾವಾಸ್ಯೆಗೆ ನಾವೆಲ್ಲ ಅವರ ಹೊಲಕ್ಕೆ ಹೋಗುವುದು ವಾಡಿಕೆ. ಈ ಭಾಗದವರಿಗೆ ಆ ದಿನದ ಬಗ್ಗೆ ವಿವರಿಸಬೇಕಿಲ್ಲ: ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ, ಚರಗ ಚೆಲ್ಲುವುದು, ಆಮೇಲೆ ಎದೆಯೆತ್ತರದ ಜೋಳದ ನಡುವೆ ಕಂಬಳಿ ಹಾಸಿಕೊಂಡು ಊಟ. ಆ ವರ್ಷ ಚಳಿ ಜಾಸ್ತಿ ಇತ್ತು. ಅಕ್ಕ ಕೊಡದ ನೀರಿನಲ್ಲಿ ಕೈ ತೊಳೆದು ಬಡಿಸಲು ಬಂದಳು. ರೊಟ್ಟಿ ಹಿಡಿದ ಬಲಗೈಯನ್ನು ನಾನು ನೋಡಿದೆ. ಮೂರು ಬೆರಳುಗಳು ನಡುಗೆಣ್ಣಿನಿಂದ ತುದಿಯವರೆಗೆ ಬಿಳಿಚಿಕೊಂಡಿದ್ದವು. ಬಿಳುಪು ಮೆಲ್ಲನೆ ಹರಡಿದ್ದಲ್ಲ, ಗೆರೆ ಕೊರೆದಂತೆ ಒಂದು ಕಡೆ ನಿಂತಿತ್ತು. ಅದರ ಕೆಳಗೆ ಅವಳ ಎಂದಿನ ಬಣ್ಣ, ಮೇಲೆ ರಕ್ತವೇ ಇಲ್ಲದ ಚರ್ಮ. ಸ್ವಲ್ಪ ಹೊತ್ತಿನಲ್ಲಿ ಅದು ನೀಲಿಗೆ ತಿರುಗಿತು. ಅವಳು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಿಗೆ ನಿಂತಳು. ಬೆರಳು ಕೆಂಪಾಗುತ್ತ ಬಂದಾಗ ನೋವಿಗೆ ಮುಖ ಹಿಂಡಿಕೊಂಡಳು. "ಚಳಿಗೆ ಹೀಗಾಗುತ್ತದೆ ತಮ್ಮಾ, ಒಲೆ ಮುಂದೆ ಕುಳಿತರೆ ಸರಿಹೋಗುತ್ತದೆ" ಎಂದಳು. ಅಶಕ್ತಿ ಎಂದು ಅವ್ವ ಬೆಲ್ಲ, ಶೇಂಗಾ ತಿನ್ನಲು ಹೇಳಿದಳು. ಊಟ ಮುಗಿಯಿತು, ಮಾತು ಬೇರೆ ಕಡೆಗೆ ಹೋಯಿತು.

ಆ ಬಿಳುಪಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ. ಫ್ರಾನ್ಸಿನ ಮೋರಿಸ್ ರೇನೋ 1862ರಲ್ಲೇ ಅದನ್ನು ವಿವರಿಸಿದ್ದ. ಚಳಿಗೆ ಬೆರಳ ರಕ್ತನಾಳಗಳು ಬಿಗಿದುಕೊಳ್ಳುವುದು ಎಷ್ಟೋ ಜನರಲ್ಲಿ ನಿರಪಾಯಕಾರಿಯಾಗಿ ಜೀವಮಾನವಿಡೀ ಇರುತ್ತದೆ. ಕೆಲವರಲ್ಲಿ ಮಾತ್ರ ಅದು ಸ್ಕ್ಲೆರೋಡರ್ಮಾದ ಮೊದಲ ಸುಳಿವು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆಗಳಲ್ಲಿ ಇದು ಅತ್ಯಂತ ಕ್ರೂರವಾದವುಗಳಲ್ಲಿ ಒಂದು. ಮೊದಲು ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಆಮೇಲೆ ಗಾಯ ಮಾಯುವಾಗ ಬರುವಂಥ ನಾರಿನ ಅಂಶ ಗಾಯವೇ ಇಲ್ಲದ ಕಡೆ ತುಂಬಿಕೊಳ್ಳುತ್ತ ಹೋಗುತ್ತದೆ. ಮೊದಲು ಚರ್ಮದಲ್ಲಿ, ಮುಂದೆ ಶ್ವಾಸಕೋಶ, ಹೃದಯ, ಅನ್ನನಾಳಗಳಲ್ಲಿ.

ಅಕ್ಕನ ಮೈಯಲ್ಲಿ ಅದು ನಡೆದದ್ದು ನಮ್ಮ ಕಣ್ಣೆದುರಿಗೇ. ಬೆರಳು ಊದಿ ಉಂಗುರ ತೆಗೆಯಲು ಬಾರದಾಯಿತು. ಕುತ್ತಿಗೆಯ ಕೆಳಗೆ ಚರ್ಮ ಬೆಳ್ಳಗಾಗಿ ನಡುನಡುವೆ ಕಪ್ಪು ಚುಕ್ಕೆ ಉಳಿಯಿತು. ತೊನ್ನು ಎಂದು ಮುಲಾಮು ಹಚ್ಚಿದರು. ಎದೆಯುರಿಗೆ ಒಬ್ಬರು ಗುಳಿಗೆ ಕೊಟ್ಟರು, ಕೀಲುನೋವಿಗೆ ಇನ್ನೊಬ್ಬರು. ಪ್ರತಿಯೊಬ್ಬರೂ ತಮ್ಮ ಮುಂದೆ ಬಂದ ಭಾಗಕ್ಕೆ ಸರಿಯಾದ ಔಷಧಿಯನ್ನೇ ಕೊಟ್ಟರು. ಆ ಭಾಗಗಳನ್ನೆಲ್ಲ ಕೂಡಿಸಿ ನೋಡುವವರು ಇರಲಿಲ್ಲ. ಊರಿನಲ್ಲಿ ಅಕ್ಕನ ಜೋಳದ ರೊಟ್ಟಿಗೆ ಹೆಸರಿತ್ತು. ರೊಟ್ಟಿ ಬಡಿಯಬೇಕಾದರೆ ಅಂಗೈ ಪೂರ್ತಿ ಚಾಚಿಕೊಳ್ಳಬೇಕು, ಬೆರಳು ಹಿಂದಕ್ಕೆ ಬಾಗಬೇಕು. ಅವಳ ಬೆರಳು ಒಳಕ್ಕೆ ಬಾಗಿ ಅಲ್ಲೇ ನಿಂತವು. ಅಂಚು ಸೀಳತೊಡಗಿತು, ಆಮೇಲೆ ಹಿಟ್ಟು ನಾದುವುದೂ ಆಗದೆ ಅತ್ತೆಯೇ ಮತ್ತೆ ಒಲೆ ಮುಂದೆ ಕುಳಿತರು. ಕೊನೆಗೆ ಪುಂಡಿ ಪಲ್ಯದ ಜೊತೆ ಒಂದು ತುತ್ತು ರೊಟ್ಟಿ ಬಾಯಿಗಿಡಲು ಅವಳ ಬಾಯಿಯೇ ಅಷ್ಟು ತೆರೆಯದಾದಾಗ ಭಾವ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋದೆ.

ಅಲ್ಲಿಯ ರುಮಟಾಲಜಿಸ್ಟ್, ಅಂದರೆ ಕೀಲುನೋವು ಮತ್ತು ಇಂಥ ಕಾಯಿಲೆಗಳ ತಜ್ಞರು, ಫೈಲು ತೆರೆಯಲಿಲ್ಲ. "ಕೈ ತೋರಿಸಮ್ಮಾ" ಎಂದು ಅವಳ ಉಂಗುರಬೆರಳನ್ನು ಹಿಡಿದು ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ಮಸೂರದಲ್ಲಿ ನೋಡಿದರು. ಆಮೇಲೆ ನನಗೂ ತೋರಿಸಿದರು. ಆರೋಗ್ಯವಂತರ ಉಗುರಿನ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳು ಒಂದೇ ಅಳತೆಯ ಬಾಗುಗಳಾಗಿ ಸಾಲಾಗಿ ನಿಂತಿರುತ್ತವಂತೆ. ಅಕ್ಕನ ಬೆರಳಿನಲ್ಲಿ ಕೆಲವು ಉಬ್ಬಿ ದಪ್ಪಗಾಗಿದ್ದವು, ಅವುಗಳ ಪಕ್ಕ ಏನೂ ಇಲ್ಲದ ಖಾಲಿ ಜಾಗ. ರಕ್ತ ಪರೀಕ್ಷೆ, ಶ್ವಾಸಕೋಶದ ಸ್ಕ್ಯಾನ್ ಎಲ್ಲ ಆಮೇಲೆ ಆದವು. ರೋಗದ ಗುರುತು ಸಿಕ್ಕಿದ್ದು ಆ ಒಂದು ಹನಿ ಎಣ್ಣೆಯಲ್ಲಿ, ಐದು ನಿಮಿಷದೊಳಗೆ. ಆ ಮಸೂರ ಕಲಬುರಗಿಯ ಯಾವ ಚರ್ಮ ವೈದ್ಯರ ಮೇಜಿನ ಮೇಲಾದರೂ ಇರುವಂಥದ್ದೇ.

ನೇಗಿಲು ಮತ್ತು ಬೀಜ

ಸ್ಟೆಮ್ ಸೆಲ್ ಎಂದ ಕೂಡಲೇ ನಮ್ಮ ಜನರಿಗೆ ಹೊಳೆಯುವುದು ಶಕ್ತಿ ತುಂಬುವ ಒಂದು ಇಂಜೆಕ್ಷನ್. ಎಲ್ಲಿ ಕೆಟ್ಟಿದೆಯೋ ಅಲ್ಲಿಗೆ ಹೋಗಿ ರಿಪೇರಿ ಮಾಡುವ ಕಣ. ಸ್ಕ್ಲೆರೋಡರ್ಮಾಕ್ಕೆ, ಮಿದುಳು ಮತ್ತು ಬೆನ್ನುಹುರಿಯ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಕಸಿ ಚಿಕಿತ್ಸೆಯಲ್ಲಿ ರೋಗವನ್ನು ಹೊಡೆಯುವುದು ಸ್ಟೆಮ್ ಸೆಲ್ ಅಲ್ಲ. ಅದಕ್ಕಿಂತ ಮೊದಲು ಕೊಡುವ ಔಷಧಿ. ಹೊಲಕ್ಕೆ ಕರಿಕೆ ಹೊಕ್ಕಾಗ ನಮ್ಮ ರೈತರು ಏನು ಮಾಡುತ್ತಾರೆ? ಮೇಲೆ ಮೇಲೆ ಕಳೆ ತೆಗೆದರೆ ಅದು ಹೋಗುವುದಿಲ್ಲ. ಇಡೀ ಹೊಲವನ್ನು ಆಳಕ್ಕೆ ನೇಗಿಲು ಹೊಡೆದು, ಬೇರನ್ನೆಲ್ಲ ಬಿಸಿಲಿಗೆ ಹಾಕಿ, ಸ್ವಲ್ಪ ಕಾಲ ನೆಲವನ್ನು ಬರಿದಾಗಿ ಬಿಟ್ಟು, ಮೊದಲೇ ತೆಗೆದಿಟ್ಟ ಬೀಜ ಬಿತ್ತುತ್ತಾರೆ. ಇಲ್ಲಿ ಸ್ಟೆಮ್ ಸೆಲ್ ಆ ತೆಗೆದಿಟ್ಟ ಬೀಜ. ಕರಿಕೆಯನ್ನು ಕೀಳುವುದು ನೇಗಿಲು. ಅಪಾಯವಿರುವುದೂ ನೇಗಿಲಿನಲ್ಲಿ, ನೆಲ ಬರಿದಾಗಿ ಬಿದ್ದಿರುವ ಆ ದಿನಗಳಲ್ಲಿ.

ಕ್ರಮ ಹೀಗೆ. ಅಸ್ಥಿಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಬರುವಂತೆ ಮಾಡಲು ಸೈಕ್ಲೋಫಾಸ್ಫಮೈಡ್ ಮತ್ತು ಜಿ-ಸಿಎಸ್‌ಎಫ್ ಎಂಬ ಔಷಧಿಗಳನ್ನು ಕೊಡುತ್ತಾರೆ. ಮಜ್ಜೆ ಭರದಿಂದ ಕೆಲಸಕ್ಕೆ ಬಿದ್ದಾಗ ಸೊಂಟ, ಬೆನ್ನಿನ ಎಲುಬು ನೋಯುತ್ತವೆ. ಪ್ಲೇಟ್‌ಲೆಟ್ ದಾನ ಮಾಡಿದವರು ನೋಡಿರುವಂಥ ಯಂತ್ರಕ್ಕೆ ರೋಗಿಯನ್ನು ಕೆಲವು ಗಂಟೆ ಜೋಡಿಸಿ, ಬೇಕಾದ ಕಣಗಳನ್ನು ಮಾತ್ರ ಬೇರ್ಪಡಿಸಿ ಉಳಿದ ರಕ್ತವನ್ನು ಹಿಂದಕ್ಕೆ ಬಿಡುತ್ತಾರೆ. ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸ್ಟೆಮ್ ಸೆಲ್ ಸಿಗಬೇಕು. ಅವನ್ನು ದ್ರವ ಸಾರಜನಕದ ಶೈತ್ಯದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಆಮೇಲೆ ಅಸಲು ಚಿಕಿತ್ಸೆ: ದೊಡ್ಡ ಪ್ರಮಾಣದ ಸೈಕ್ಲೋಫಾಸ್ಫಮೈಡ್, ಸಾಮಾನ್ಯವಾಗಿ ನಾಲ್ಕು ದಿನಗಳಲ್ಲಿ ಹಂಚಿ ಕಿಲೋಗೆ 200 ಮಿಲಿಗ್ರಾಂ. ಅದರೊಂದಿಗೆ ಮೊಲ ಅಥವಾ ಕುದುರೆಯಿಂದ ತಯಾರಿಸಿದ, ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಕಣಗಳನ್ನು ನಾಶಮಾಡುವ ಪ್ರತಿಕಾಯ. ಸ್ವಂತ ದೇಹವನ್ನೇ ಶತ್ರು ಎಂದು ಕಲಿತ ಕಣಗಳು ಅಳಿಯುತ್ತವೆ, ಅವುಗಳ ಜೊತೆ ನಿರಪರಾಧಿ ಕಣಗಳೂ ಅಳಿಯುತ್ತವೆ. ಆಗ ತೆಗೆದಿಟ್ಟ ಚೀಲವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ರಕ್ತನಾಳಕ್ಕೆ ಬಿಡುತ್ತಾರೆ. ನೋಡುವವರಿಗೆ ಅದು ಒಂದು ಬಾಟಲಿ ರಕ್ತ ಹಾಕಿದಷ್ಟೇ ಸರಳ. ಕಣ ಕೆಡದಂತೆ ಬೆರೆಸಿದ್ದ ರಾಸಾಯನಿಕದಿಂದಾಗಿ ಒಂದೆರಡು ದಿನ ರೋಗಿಯ ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ ಇರುತ್ತದೆ.

ಮುಂದಿನ ಹತ್ತು ಹನ್ನೆರಡು ದಿನ ಮೈಯಲ್ಲಿ ಬಿಳಿ ರಕ್ತಕಣ ಇಲ್ಲವೆನ್ನುವಷ್ಟು ಕಡಿಮೆ. ಬಾಯಿ ಹುಣ್ಣು, ಕೂದಲು ಉದುರುವುದು, ಶೋಧಿಸಿದ ಗಾಳಿಯ ಕೋಣೆ, ಸಣ್ಣ ಜ್ವರವೂ ತುರ್ತುಸ್ಥಿತಿ. ಕಣಗಳು ಮೇಲೇರಿದ ಮೇಲೂ ಹೊಸ ವ್ಯವಸ್ಥೆ ಬಲಿಯಲು ಒಂದೆರಡು ವರ್ಷ ಬೇಕು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಹೊಸ ಟಿ ಕಣಗಳು ತಮ್ಮವರು ಯಾರು ಪರರು ಯಾರು ಎಂಬುದನ್ನು ಮೊದಲಿಂದ ಕಲಿಯುತ್ತವೆ. ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳನ್ನು ಮತ್ತೆ ಹಾಕಿಸಿಕೊಳ್ಳಬೇಕು, ಏಕೆಂದರೆ ಹಳೆಯ ನೆನಪೂ ಬಹುಪಾಲು ಹೋಗಿರುತ್ತದೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಮಧ್ಯವಯಸ್ಸಿನ ಒಬ್ಬ ಹೆಂಗಸು ದಡಾರದ ಮುಂದೆ ಮತ್ತೆ ಮಗುವಾಗುತ್ತಾಳೆ.

ನೂರಾರು ಬಗೆಯ ಕಾಯಿಲೆಗೆ ಹೊಟ್ಟೆಯ ಕೊಬ್ಬಿನಿಂದ ಕಣ ತೆಗೆದು ಚುಚ್ಚುತ್ತೇವೆ ಎನ್ನುವ ಜಾಹೀರಾತುಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲೇ ಇದನ್ನು ಸ್ಪಷ್ಟಪಡಿಸಿದೆ: ಈಗಾಗಲೇ ಒಪ್ಪಿತವಾಗಿರುವ ರಕ್ತದ ಸ್ಟೆಮ್ ಸೆಲ್ ಕಸಿಯನ್ನು ಬಿಟ್ಟರೆ ಉಳಿದ ಬಳಕೆಗಳೆಲ್ಲ ಅನುಮತಿ ಪಡೆದ ಪ್ರಯೋಗಗಳ ಒಳಗೆ ಮಾತ್ರ ನಡೆಯಬೇಕು, ಚಿಕಿತ್ಸೆ ಎಂದು ಮಾರುವಂತಿಲ್ಲ. ಹೊಲ ಮಾರಿ ಹಣ ಕಟ್ಟಲು ಸಿದ್ಧರಾಗಿರುವ ಕುಟುಂಬಗಳಿಗೆ ಆ ವಿಡಿಯೊಗಳು ತಲುಪಿದಷ್ಟು ಸುಲಭವಾಗಿ ಈ ಮಾರ್ಗಸೂಚಿ ತಲುಪಿಲ್ಲ. ಅದು ನನಗೆ ಸಿಟ್ಟು ತರಿಸುತ್ತದೆ.

ಔಷಧಿ ಚೀಟಿಯ ಹಿಂದೆ ಎರಡು ಗೆರೆ

ಎರಡನೆಯ ಸಲವೋ ಮೂರನೆಯ ಸಲವೋ ಹೋದಾಗ ಡಾಕ್ಟರ್ ಸಾಹೇಬರು ಕಸಿಯ ಮಾತೆತ್ತಿದರು. ಶ್ವಾಸಕೋಶದ ಬುಡದಲ್ಲಿ ನಾರು ತುಂಬುತ್ತಿತ್ತು. ಔಷಧಿ ಶುರುವಾಗಿದ್ದರೂ ಚರ್ಮದ ಬಿಗಿತ ಮೊಣಕೈ ದಾಟಿತ್ತು. ಅವರು ಔಷಧಿ ಚೀಟಿಯನ್ನು ಮಗುಚಿ ಅದರ ಹಿಂದೆ ಎರಡು ಗೆರೆ ಎಳೆದರು. ಒಂದು ಗೆರೆ ಶುರುವಿನಲ್ಲೇ ಧಡಕ್ಕನೆ ಇಳಿದು ಆಮೇಲೆ ಬಹುತೇಕ ಸಮನಾಗಿ ಸಾಗಿತು. ಇನ್ನೊಂದು ಮೆಲ್ಲಗೆ, ಆದರೆ ನಿಲ್ಲದೆ ಇಳಿಯುತ್ತ ಹೋಗಿ ಮೊದಲನೆಯದನ್ನು ದಾಟಿ ಕೆಳಕ್ಕಿಳಿಯಿತು. "ಇದು ಕಸಿ, ಇದು ಮಾಮೂಲಿ ಔಷಧಿ" ಎಂದರು. ಗೆರೆಗಳು ದಾಟುವ ಜಾಗದಲ್ಲಿ ಪೆನ್ನನ್ನು ಊರಿ, "ಇಲ್ಲಿಯವರೆಗೆ ಬಂದು ತಲುಪುವುದೇ ದೊಡ್ಡ ಪ್ರಶ್ನೆ" ಎಂದರು.

ಆ ಗೆರೆಗಳು ಎಲ್ಲಿಂದ ಬಂದವೆಂದು ಊರಿಗೆ ಬಂದು ಹುಡುಕಿ ಓದಿದೆ. ಆಸ್ಟಿಸ್ ಎಂಬ ಯುರೋಪಿನ ಪ್ರಯೋಗ, 2014ರಲ್ಲಿ ಪ್ರಕಟವಾದದ್ದು. ತೀವ್ರ ಸ್ಕ್ಲೆರೋಡರ್ಮಾ ಇದ್ದ 156 ಜನ. 79 ಜನರಿಗೆ ಕಸಿ, 77 ಜನರಿಗೆ ತಿಂಗಳಿಗೊಮ್ಮೆಯಂತೆ ಹನ್ನೆರಡು ಸಲ ಸೈಕ್ಲೋಫಾಸ್ಫಮೈಡ್. ಮೊದಲ ವರ್ಷ ಕಸಿಯ ಗುಂಪಿನಲ್ಲಿ 13 ಜನರಿಗೆ ಸಾವು ಅಥವಾ ಮರಳಿ ಬಾರದ ಅಂಗವೈಫಲ್ಯ ಉಂಟಾಯಿತು. 8 ಜನ ಸತ್ತದ್ದು ಚಿಕಿತ್ಸೆಯ ಕಾರಣದಿಂದಲೇ. ಇನ್ನೊಂದು ಗುಂಪಿನಲ್ಲಿ ಆ ವರ್ಷ ಅಂಥ ಆಘಾತಕ್ಕೆ ಒಳಗಾದವರು 8 ಜನ, ಚಿಕಿತ್ಸೆಯಿಂದ ಸತ್ತವರು ಯಾರೂ ಇಲ್ಲ. ನಾಲ್ಕು ವರ್ಷಕ್ಕೆ ಬಂದರೆ ಅಂಥ ಆಘಾತಕ್ಕೆ ಒಳಗಾದವರು ಒಟ್ಟು ಕಸಿಯಲ್ಲಿ 15, ಔಷಧಿಯಲ್ಲಿ 20. ಪೂರ್ತಿ ಅವಧಿ ಮುಗಿದಾಗ 22 ಮತ್ತು 31. ಅಂದರೆ ಮೊದಲ ವರ್ಷ ದಾಟಿದ ಮೇಲೆ ಕಸಿಯವರ ಕಡೆ ಆಘಾತಗಳು ಬಹಳ ಕಡಿಮೆಯಾದವು, ಔಷಧಿಯವರ ಕಡೆ ರೋಗ ತನ್ನ ಕೆಲಸ ನಿಲ್ಲಿಸಲಿಲ್ಲ. 2018ರಲ್ಲಿ ಅಮೆರಿಕದ ಸ್ಕಾಟ್ ಪ್ರಯೋಗದ ಫಲಿತಾಂಶ ಬಂತು. 75 ಜನ, ಈ ಸಲ ಇಡೀ ಮೈಗೆ ವಿಕಿರಣವನ್ನೂ ಸೇರಿಸಿದ್ದರು. ನಿಗದಿಯಾದ ಚಿಕಿತ್ಸೆಯನ್ನು ಪೂರೈಸಿದವರನ್ನು ಲೆಕ್ಕಕ್ಕೆ ಹಿಡಿದರೆ ಆರು ವರ್ಷದ ಹೊತ್ತಿಗೆ ಕಸಿಯವರಲ್ಲಿ ಶೇ 86, ಉಳಿದವರಲ್ಲಿ ಶೇ 51 ಜನ ಬದುಕಿದ್ದರು. ಚಿಕಿತ್ಸೆಯಿಂದಾದ ಸಾವು ಶೇ 6. ಯುರೋಪಿಗಿಂತ ಕಡಿಮೆ. ರೋಗಿಗಳನ್ನು ಆರಿಸುವಾಗ ಹೃದಯ, ಶ್ವಾಸಕೋಶಗಳನ್ನು ಎಷ್ಟು ಬಿಗಿಯಾಗಿ ಪರೀಕ್ಷಿಸುತ್ತಾರೆ ಎಂಬುದರ ಮೇಲೆ ಜೀವ ನಿಂತಿರುತ್ತದೆ ಎಂಬುದು ಈ ವರ್ಷಗಳಲ್ಲಿ ವೈದ್ಯರು ಕಲಿತ ಪಾಠ.

ಇದೇ ಚಿಕಿತ್ಸೆ ಬೇರೆ ಕಾಯಿಲೆಯಲ್ಲಿ ಎಷ್ಟು ಬೇರೆಯಾಗಿ ವರ್ತಿಸುತ್ತದೆ ನೋಡಿ. 2019ರಲ್ಲಿ ಪ್ರಕಟವಾದ ಮಿಸ್ಟ್ ಪ್ರಯೋಗ ಮಲ್ಟಿಪಲ್ ಸ್ಕ್ಲೆರೋಸಿಸ್ ಬಗ್ಗೆ. 110 ಜನರಲ್ಲಿ ಕಸಿ ಪಡೆದ ಗುಂಪಿನ 3 ಜನರಿಗೆ, ಔಷಧಿಯ ಗುಂಪಿನ 34 ಜನರಿಗೆ ಅಂಗವೈಕಲ್ಯ ಹೆಚ್ಚಿತು. ಸಾವು ಒಂದೂ ಇಲ್ಲ. ಅಲ್ಲಿ ರೋಗ ಇರುವುದು ಮಿದುಳು ಮತ್ತು ಬೆನ್ನುಹುರಿಯಲ್ಲಿ. ಔಷಧಿಯ ಹೊಡೆತ ತಾಳಬೇಕಾದ ಹೃದಯ, ಶ್ವಾಸಕೋಶಗಳು ಗಟ್ಟಿಯಾಗಿಯೇ ಇರುತ್ತವೆ. ಸ್ಕ್ಲೆರೋಡರ್ಮಾದಲ್ಲಿ ಹೊಡೆತ ತಾಳಬೇಕಾದ ಅಂಗಗಳನ್ನೇ ರೋಗ ಮೊದಲೇ ತಿಂದಿರುತ್ತದೆ. ದೊಡ್ಡ ಪ್ರಮಾಣದ ಸೈಕ್ಲೋಫಾಸ್ಫಮೈಡ್ ಹೃದಯಕ್ಕೆ ವಿಷ, ಅದರ ಜೊತೆ ಕೊಡಬೇಕಾದ ಲೀಟರುಗಟ್ಟಲೆ ದ್ರವವನ್ನು ನಾರುಗಟ್ಟಿದ ಹೃದಯ ಪಂಪ್ ಮಾಡಲಾರದು.

ಇಲ್ಲಿಯೇ ನನ್ನ ತಲೆ ತಿನ್ನುವ ಪ್ರಶ್ನೆ ಇರುವುದು. ಈ ಚಿಕಿತ್ಸೆ ಯಾರಿಗೆ ಸುರಕ್ಷಿತ? ಅಂಗಾಂಗ ಇನ್ನೂ ಗಟ್ಟಿಯಾಗಿರುವವರಿಗೆ, ಅಂದರೆ ಓಡಾಡಿಕೊಂಡು, ಮನೆಗೆಲಸ ಮಾಡಿಕೊಂಡು, ನೋಡುವವರಿಗೆ ಚೆನ್ನಾಗಿಯೇ ಕಾಣುವವರಿಗೆ. ಅಂಥವರ ಮನೆಯಲ್ಲಿ ಯಾರು ಒಪ್ಪುತ್ತಾರೆ? "ಹೇಗೋ ಓಡಾಡಿಕೊಂಡಿದ್ದಾಳಲ್ಲ, ಇಷ್ಟು ಅಪಾಯ ಯಾಕೆ?" ಎಂದು ಅವ್ವ ಕೇಳಿದಳು. ಭಾವನೂ ಅದನ್ನೇ ಕೇಳಿದರು. ಮನೆಯವರು ಒಪ್ಪುವುದು ಬೇರೆ ದಾರಿಯೇ ಇಲ್ಲ ಎಂದಾದಾಗ, ಆಗ ದೇಹ ಒಪ್ಪುವುದಿಲ್ಲ. ಗಂಭೀರ ಕಾಯಿಲೆಗೆ ಕೊನೆಯ ಅಸ್ತ್ರ ಎಂದು ನಾವು ಭಾವಿಸುವ ಈ ಚಿಕಿತ್ಸೆಯನ್ನು ಕೊನೆಗೆ ಬಳಸಲು ಬರುವುದೇ ಇಲ್ಲ. ಬೇಗ ಹೆಚ್ಚುತ್ತಿರುವ ರೋಗ, ಇನ್ನೂ ಉಳಿದಿರುವ ಅಂಗ, ಇವೆರಡೂ ಒಟ್ಟಿಗೆ ಇರುವ ಸಣ್ಣ ಅವಧಿಯಲ್ಲಿ ಮಾತ್ರ ಅದಕ್ಕೆ ಅರ್ಥವಿದೆ.

ಅಕ್ಕ ನಮ್ಮೆಲ್ಲರಿಗಿಂತ ಸ್ಪಷ್ಟವಾಗಿದ್ದಳು. ಚೀಟಿಯ ಹಿಂದಿನ ಗೆರೆಗಳನ್ನು ಬಹಳ ಹೊತ್ತು ನೋಡಿ, "ಮೊದಲ ವರ್ಷ ದಾಟಿದವರು ರೊಟ್ಟಿ ಬಡಿಯುತ್ತಾರೆಯೇ ಸಾಹೇಬರೇ?" ಎಂದು ಕೇಳಿದಳು. ಡಾಕ್ಟರು ಆ ಪ್ರಶ್ನೆಯನ್ನು ಗೌರವದಿಂದ ತೆಗೆದುಕೊಂಡರು. ಚರ್ಮ ಸಡಿಲವಾಗುವುದು ಹೆಚ್ಚಿನವರಲ್ಲಿ ಕಾಣುವ ಬದಲಾವಣೆ, ಶ್ವಾಸಕೋಶ ಇದ್ದಲ್ಲೇ ನಿಂತರೂ ಅದು ಲಾಭ, ಆದರೆ ಮಡಚಿಹೋದ ಗೆಣ್ಣು ನೆಟ್ಟಗಾಗುತ್ತದೆಂದು ಮಾತು ಕೊಡಲಾರೆ ಎಂದರು. ಅಕ್ಕ ಹೊರಗೆ ಬಂದು ಬೆಂಚಿನ ಮೇಲೆ ಕುಳಿತು, "ನಾನು ಮಾಡಿಸಿಕೊಳ್ಳುತ್ತೇನೆ" ಎಂದಳು. ಭಾವ ಏನೋ ಹೇಳಲು ಹೋದರು. "ಸಾಯುವುದಾದರೆ ಒಂದೇ ಸಲ ಸಾಯುತ್ತೇನೆ. ದಿನಕ್ಕೊಂದು ಬೆರಳು ಸಾಯುವುದನ್ನು ನೋಡಲಾರೆ" ಎಂದಳು. ಅವಳ ಬಾಯಿಂದ ಅಂಥ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಆದರೆ ಕಸಿ ಆಗಲಿಲ್ಲ. ಕಸಿಗೆ ಮೊದಲಿನ ತಪಾಸಣೆಯಲ್ಲಿ ಹೃದಯದ ಬಲಭಾಗಕ್ಕೆ ನಳಿಕೆ ಹಾಕಿ ನೋಡಿದಾಗ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಒತ್ತಡ ತೀರ ಏರಿರುವುದು ಕಂಡಿತು. ಅಷ್ಟು ಒತ್ತಡವಿರುವವರಿಗೆ ಆ ಚಿಕಿತ್ಸೆ ಮಾಡುವುದಿಲ್ಲ. ಒಂದೆರಡು ವರ್ಷ ಮೊದಲು ಬಂದಿದ್ದರೆ ಎಂದು ನಾನು ಕೇಳಿದೆ. ಅವರು ನೇರವಾಗಿ ಉತ್ತರಿಸಲಿಲ್ಲ. ಮೊದಲ ಸಲ ಬೆರಳು ಬಿಳಿಚಿದ್ದು ಯಾವಾಗ ಎಂದು ಮಾತ್ರ ಮತ್ತೊಮ್ಮೆ ವಿಚಾರಿಸಿ ಫೈಲಿನಲ್ಲಿ ಬರೆದುಕೊಂಡರು. ಅಕ್ಕ ಈಗ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೈಕೋಫಿನೋಲೇಟ್, ನಾರುಗಟ್ಟುವುದನ್ನು ನಿಧಾನಗೊಳಿಸುವ ನಿಂಟೆಡಾನಿಬ್, ಒತ್ತಡದ ಗುಳಿಗೆಗಳ ಮೇಲೆ ಇದ್ದಾಳೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾಳೆ. ರೋಗದ ಓಟ ನಿಧಾನವಾಗಿದೆ. ಆ ಔಷಧಿಗಳನ್ನು ನಾನು ಕಡೆಗಣಿಸಲಾರೆ, ಅವಳು ನಮ್ಮ ನಡುವೆ ಇರುವುದು ಅವುಗಳಿಂದ.

ಇಲ್ಲಿ ಬೇಕಾಗಿರುವುದು

ಕಲಬುರಗಿಯಲ್ಲಿ ಈಗ ದೊಡ್ಡ ದವಾಖಾನೆಗಳಿಗೆ ಕೊರತೆಯಿಲ್ಲ ಎನ್ನುವಷ್ಟು ಬದಲಾವಣೆ ಆಗಿದೆ. ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ, ಇಎಸ್ಐ ವೈದ್ಯಕೀಯ ಕಾಲೇಜು ಇದೆ, ಜಯದೇವ ಹೃದ್ರೋಗ ಸಂಸ್ಥೆ ಬಂದಿದೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕ ಇದೆ. ಎದೆನೋವು ಬಂದವರನ್ನು ರಾತ್ರೋರಾತ್ರಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯಬೇಕಾಗಿದ್ದ ಕಾಲವನ್ನು ನನ್ನ ವಯಸ್ಸಿನವರು ಮರೆತಿಲ್ಲ. ಆದ್ದರಿಂದ ಕೆಲವರು ಇಲ್ಲಿಗೇ ಸ್ಟೆಮ್ ಸೆಲ್ ಕಸಿ ಘಟಕ ಬರಲಿ ಎನ್ನುತ್ತಾರೆ. ಬರಲಿ, ರಕ್ತದ ಕ್ಯಾನ್ಸರ್ ಮಕ್ಕಳಿಗೆ ಅದು ಬೇಕೇ ಬೇಕು. ಅಕ್ಕನಂಥವರಿಗೆ ಮಾತ್ರ ಆ ಘಟಕ ಹೈದರಾಬಾದಿನಲ್ಲಿದ್ದರೂ ನಡೆಯುತ್ತದೆ. ಅವರಿಗೆ ಬೇಕಾದದ್ದು ತಾಲ್ಲೂಕು ಮಟ್ಟದಲ್ಲಿ ಚಳಿಗಾಲದಲ್ಲಿ ಬೆರಳು ನೋಡುವ ಒಬ್ಬ ವೈದ್ಯ. ಬಿಳಿಚುವ ಬೆರಳು, ಊದಿದ ಕೈ, ಎದೆಯುರಿ, ಈ ಮೂರೂ ಒಬ್ಬಳೇ ಹೆಂಗಸಿನಲ್ಲಿ ಕಂಡರೆ ದೇಹದ ಮೇಲೇ ತಿರುಗಿಬಿದ್ದ ಪ್ರತಿಕಾಯಗಳನ್ನು ಹುಡುಕುವ ಒಂದು ಎಎನ್ಎ ರಕ್ತ ಪರೀಕ್ಷೆ ಬರೆದು ಮುಂದಕ್ಕೆ ಕಳಿಸುವ ರೂಢಿ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೇ ಹಲವು ಪಟ್ಟು ಹೆಚ್ಚು, ಅವರ ಕೈ ಸದಾ ತಣ್ಣೀರಿನಲ್ಲಿ. ಸುಡುಬಿಸಿಲಿನ ಊರು ಎಂದು ನಮ್ಮ ಜಿಲ್ಲೆಗೆ ಹೆಸರು ಬಿದ್ದಿರುವುದರಿಂದ ಚಳಿಯಲ್ಲಿ ಮೊದಲ ಸುಳಿವು ಕೊಡುವ ಕಾಯಿಲೆಯನ್ನು ಯಾರೂ ನೆನೆಯುವುದಿಲ್ಲ. ಪುಷ್ಯ ಮಾಸದ ಬೆಳಗಿನಲ್ಲಿ ಬೀದರ್ ಕಡೆಯ ಹೊಲಕ್ಕೆ ಹೋದವರಿಗೆ ಇಲ್ಲಿಯ ಚಳಿ ಗೊತ್ತು.

ಮುಂದಿನ ದಾರಿ ಕಸಿಗಿಂತ ಸೌಮ್ಯವಾಗಬಹುದು ಎಂಬ ಆಸೆಯೂ ಇದೆ. ಜರ್ಮನಿಯ ಎರ್ಲಾಂಗನ್‌ನಲ್ಲಿ 2021ರಲ್ಲಿ ದೇಹ ತನ್ನ ಮೇಲೇ ತಿರುಗಿಬೀಳುವ ಇನ್ನೊಂದು ಕಾಯಿಲೆಯಾದ ಲೂಪಸ್ ತೀವ್ರವಾಗಿದ್ದ ಯುವತಿಗೆ ಅವಳದೇ ಟಿ ಕಣಗಳನ್ನು ತಿದ್ದಿ ತಯಾರಿಸಿದ ಕಾರ್-ಟಿ ಚಿಕಿತ್ಸೆ ಕೊಟ್ಟರು, ರೋಗ ಅಡಗಿತು. ಅದೇ ತಂಡ 2024ರಲ್ಲಿ ಲೂಪಸ್, ಸ್ಕ್ಲೆರೋಡರ್ಮಾ ಮತ್ತು ಸ್ನಾಯು ಉರಿಯೂತದ ಒಟ್ಟು 15 ರೋಗಿಗಳ ಅನುಭವ ಪ್ರಕಟಿಸಿತು. ನಮ್ಮ ದೇಶದಲ್ಲೇ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ ಕಾರ್-ಟಿಗೆ 2023ರಲ್ಲಿ ಅನುಮತಿ ಸಿಕ್ಕಿತು, ರಕ್ತದ ಕ್ಯಾನ್ಸರ್‌ಗಳಿಗೆ ಮಾತ್ರ. ಆದರೆ ಯಾವ ಚಿಕಿತ್ಸೆ ಬಂದರೂ ನಾರುಗಟ್ಟಿದ ಶ್ವಾಸಕೋಶ ಮತ್ತೆ ಮೃದುವಾಗುವುದಿಲ್ಲ. ಬೇಗ ಗುರುತಿಸಬೇಕು ಎಂಬ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ಒಬ್ಬ ಹುಡುಗಿ, ಬಿ.ಇಡಿ ಓದುತ್ತಿರುವವಳು, ಅಕ್ಕನನ್ನು ನೋಡಲು ಬಂದಾಗ ತನ್ನ ಕೈ ಚಾಚಿದಳು. ಅಕ್ಕ ಆ ಬೆರಳುಗಳನ್ನು ತನ್ನ ಬಾಗಿದ ಬೆರಳುಗಳಲ್ಲಿ ಹಿಡಿದು ತಿರುಗಿಸಿ ನೋಡಿ ನನ್ನನ್ನು ಕರೆದಳು. ಅದೇ ವಾರ ಹುಡುಗಿಯನ್ನು ಕಳಿಸಿದೆವು. ಕಾಯಿಲೆ ಇದೆ, ವೇಗವಾಗಿಯೂ ಇದೆ, ಹೃದಯ ಗಟ್ಟಿಯಾಗಿದೆ. ಔಷಧಿಗೆ ಬಗ್ಗದಿದ್ದರೆ ಕಸಿಯ ಬಗ್ಗೆ ಯೋಚಿಸಬಹುದು ಎಂದಿದ್ದಾರೆ. ಅವಳ ಅಪ್ಪ ಒಂದು ಸಂಜೆ ನಮ್ಮ ಮನೆಗೆ ಬಂದು ಕೇಳಿದರು: "ನೀವು ಲೆಕ್ಕ ಬಲ್ಲವರು, ಮಾಡಿಸೋಣವೇ ಬೇಡವೇ ಹೇಳಿ ಸರ್." ನಾನು ಹೇಳಲಿಲ್ಲ. ಗುಂಪಿನ ಲೆಕ್ಕ ಗೊತ್ತಿದೆ, ಒಬ್ಬ ಹುಡುಗಿಯ ಲೆಕ್ಕವನ್ನು ಅವಳೇ ಹಾಕಬೇಕು. ಅಕ್ಕನ ಮಾತನ್ನು ಕೇಳಿದ ಮೇಲೆ ಅದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಅದರ ಬದಲು ಇಬ್ಬರನ್ನೂ ಕೂರಿಸಿಕೊಂಡು ಅಲ್ಲಿ ಏನೇನು ಕೇಳಬೇಕೆಂದು ಬರೆದೆವು. ಈ ಕಾಯಿಲೆಗೇ ನಿಮ್ಮಲ್ಲಿ ಎಷ್ಟು ಕಸಿ ಆಗಿವೆ, ಅವರಲ್ಲಿ ಮೊದಲ ವರ್ಷ ದಾಟಿದವರು ಎಷ್ಟು ಎಂದು ಕೇಳಬೇಕು. ಹೃದಯದ ಎಂಆರ್‌ಐ ಮತ್ತು ಬಲಭಾಗದ ಒತ್ತಡ ಎರಡನ್ನೂ ನೋಡುತ್ತಾರೆಯೇ ಎಂದು ಕೇಳಬೇಕು. ಸೈಕ್ಲೋಫಾಸ್ಫಮೈಡ್ ಅಂಡಾಶಯವನ್ನು ಹಾಳುಮಾಡಬಲ್ಲದು, ಅದಕ್ಕೆ ಮೊದಲೇ ಅಂಡಾಣುಗಳನ್ನು ತೆಗೆದಿಡಲು ಸಮಯವಿದೆಯೇ ಎಂದು ಕೇಳಬೇಕು. ಅಪ್ಪನ ಎದುರಿಗೆ ಈ ಪ್ರಶ್ನೆ ಬರೆಯುವಾಗ ಹುಡುಗಿ ಸಂಕೋಚಪಟ್ಟಳು, ಅಕ್ಕ ಪೆನ್ನು ತೆಗೆದುಕೊಂಡು ತಾನೇ ಬರೆದಳು. ಕೊನೆಯದು ನನ್ನದು: ಮನೆಗೆ ಕಳಿಸಿದ ಮೇಲೆ ಮಧ್ಯರಾತ್ರಿ ಜ್ವರ ಬಂದರೆ ಹೈದರಾಬಾದ್ ತಲುಪಲು ಹಲವು ಗಂಟೆ ಬೇಕು, ಅಷ್ಟರೊಳಗೆ ಕಲಬುರಗಿಯಲ್ಲಿ ಅವಳನ್ನು ಯಾರು ಸೇರಿಸಿಕೊಳ್ಳುತ್ತಾರೆ, ಅವರೊಂದಿಗೆ ನೀವು ಮೊದಲೇ ಮಾತಾಡಿ ಇಡುತ್ತೀರಾ?

ಅವರು ಬರುವ ಸೋಮವಾರ ಹೋಗುತ್ತಿದ್ದಾರೆ. ಕಾಲೇಜಿಗೆ ರಜೆ ಹಾಕಿ ಜೊತೆಗೆ ನಾನೂ ಹೊರಡುತ್ತೇನೆ.